ರಜೆ ಇಬ್ಬರಿಗೂ ಇರಲಿ

"ಈ ಸಲ ರಜೆಗೆ ಎಲ್ಲಿಗೆ ಹೋಗಿದ್ದಿರಿ?" ನಮ್ಮ ಕನ್ನಡಕೂಟಗಳಲ್ಲಿ ಊಟದ ತಟ್ಟೆ ಹಿಡಿದು ನಿಂತಾಗ ತಪ್ಪದೆ ಎದುರಾಗುವ ಪ್ರಶ್ನೆಯಿದು. ಉತ್ತರವೂ ಬಹುಮಟ್ಟಿಗೆ ಒಂದೇ ಬಗೆಯದು: ಐದು ದಿನಗಳಲ್ಲಿ ಏಳು ಊರು, ಮೂರು ರಾಷ್ಟ್ರೀಯ ಉದ್ಯಾನ, ಎರಡು ದೇವಸ್ಥಾನ, ಸಾವಿರಾರು ಛಾಯಾಚಿತ್ರ. ಹೇಳುತ್ತಿರುವ ಮಹನೀಯರ ಮುಖದಲ್ಲಿ ದಿಗ್ವಿಜಯದ ಸಂತೋಷ. ಪಕ್ಕದಲ್ಲಿ ನಿಂತ ಅವರ ಶ್ರೀಮತಿಯ ಮುಖದಲ್ಲಿ ಇನ್ನೂ ಆರದ ಆಯಾಸ. 1996ರಲ್ಲಿ ಮದುವೆಯಾಗಿ ಮಿಚಿಗನ್‌ಗೆ ಬಂದ ನಾನು ಇಪ್ಪತ್ತಾರು ವರ್ಷಗಳ ಕಾಲ ಆ ಶ್ರೀಮತಿಯ ಸ್ಥಾನದಲ್ಲೇ ನಿಂತಿದ್ದೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರ ನನಗೂ ಉಂಟೆಂದು ಭಾವಿಸಿದ್ದೇನೆ.

2022ರ ಸೆಪ್ಟೆಂಬರ್ ತಿಂಗಳಿನಲ್ಲಿ ನಾವಿಬ್ಬರೂ ಒರಿಗಾನ್ ರಾಜ್ಯದ ಕಡಲತೀರಕ್ಕೆ ಹೋದೆವು. ಕಿರಿಯ ಮಗಳು ಕಾಲೇಜಿಗೆ ಹೊರಟುಹೋಗಿ ಮನೆ ಬರಿದಾಗಿತ್ತು. ಪೋರ್ಟ್‌ಲ್ಯಾಂಡ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆಯ ಕ್ಯಾಂಪರ್‌ವ್ಯಾನ್. ಹಗಲು ಆಸನ, ರಾತ್ರಿ ಹಾಸಿಗೆ. ಎರಡು ಉರಿಯ ಗ್ಯಾಸ್ ಒಲೆ, ಸಣ್ಣದೊಂದು ಫ್ರಿಜ್ಜು, ನೀರಿನ ತೊಟ್ಟಿ. ಉತ್ತರದ ಆಸ್ಟೋರಿಯಾದಿಂದ ದಕ್ಷಿಣದ ಬ್ರೂಕಿಂಗ್ಸ್‌ವರೆಗೆ 101ನೆಯ ಹೆದ್ದಾರಿ ಕಡಲಿನ ಜೊತೆಜೊತೆಗೇ ಸಾಗುತ್ತದೆ. ಕರಾವಳಿಯ ಉದ್ದ ಸುಮಾರು 360 ಮೈಲಿ. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಮುಗಿಸಬಹುದಾದ ದಾರಿ. ನಮ್ಮಲ್ಲಿದ್ದುದು ಹನ್ನೆರಡು ರಾತ್ರಿ. ಆದರೂ ನಮ್ಮ ಮನೆಯವರ ಪಟ್ಟಿಯಲ್ಲಿ ನಲವತ್ತೊಂದು ಸ್ಥಳಗಳಿದ್ದವು! ಉಳಿದ ಸಮಯ ವ್ಯರ್ಥವಾಗಬಾರದೆಂದು ಒಳನಾಡಿನ ಕ್ರೇಟರ್ ಲೇಕ್ ಸರೋವರವನ್ನೂ, ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ಕಾಡನ್ನೂ ಅದಕ್ಕೆ ಸೇರಿಸಿದ್ದರು.

ಮೊದಲ ಮೂರು ದಿನ ಪಟ್ಟಿಯ ಆಳ್ವಿಕೆ ನಡೆಯಿತು. ಕ್ಯಾನನ್ ಬೀಚಿನಲ್ಲಿ ಸಮುದ್ರದಿಂದ 235 ಅಡಿ ಎತ್ತರಕ್ಕೆ ಎದ್ದು ನಿಂತಿರುವ ಹೇಸ್ಟ್ಯಾಕ್ ಬಂಡೆಯನ್ನು ನೋಡಿದ್ದು ಇಪ್ಪತ್ತು ನಿಮಿಷ. ಟಿಲ್ಲಮೂಕ್‌ನಲ್ಲಿ ಚೀಸ್ ತಯಾರಾಗುವುದನ್ನು ನೋಡಿದ್ದು ಅದಕ್ಕಿಂತ ಕಡಿಮೆ. ಅವರು ವ್ಯಾನ್ ನಡೆಸುತ್ತಿದ್ದರು, ಇಳಿಯುತ್ತಿದ್ದರು, ಚಿತ್ರ ತೆಗೆಯುತ್ತಿದ್ದರು, ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ನಾನು ಬೆಳಗಿನ ತಿಂಡಿ, ಮಧ್ಯಾಹ್ನದ ಬುತ್ತಿ, ರಾತ್ರಿಯ ಸಾರು ಅನ್ನ, ನಡುವೆ ಎರಡು ಸಲ ಕಾಫಿ ಮಾಡುತ್ತಿದ್ದೆ. ತಲೆ ಎತ್ತಿದರೆ ಮಾಡು ತಗಲುವ ಆ ಗೂಡಿನಲ್ಲಿ ಪಾತ್ರೆ ತೊಳೆಯುವಾಗ ತೊಟ್ಟಿಯ ನೀರು ಮುಗಿಯದಂತೆ ಲೆಕ್ಕ ಬೇರೆ.

ನಾಲ್ಕನೆಯ ದಿನ ಬೆವರ್ಲಿ ಬೀಚ್ ಉದ್ಯಾನದ ತಂಗುದಾಣದಲ್ಲಿ ಮಳೆ ಹಿಡಿಯಿತು. ಕುಕ್ಕರಿನ ಹಬೆಗೆ ಕಿಟಕಿಗಳೆಲ್ಲ ಮಂಜಾಗಿದ್ದವು. "ಇವತ್ತು ಬಿಸಿಬೇಳೆ ಭಾತ್ ಮಾಡುತ್ತೀಯಾ?" ಎಂದು ಅವರು ಬಹಳ ಪ್ರೀತಿಯಿಂದಲೇ ಕೇಳಿದರು. ನನಗೆ ಎಲ್ಲಿಂದ ಅಷ್ಟು ಕೋಪ ಬಂತೋ ತಿಳಿಯದು. "ರೀ, ನನಗೆ ಬದಲಾದದ್ದು ಏನು ಹೇಳಿ? ಮನೆಯಲ್ಲಿ ಅಡುಗೆಮನೆ ದೊಡ್ಡದಿತ್ತು. ಇಲ್ಲಿ ಚಿಕ್ಕದು, ಅದಕ್ಕೆ ಚಕ್ರ ಬೇರೆ ಇದೆ. ರಜೆಗೆ ಬಂದವರು ನೀವೊಬ್ಬರೇ" ಎಂದುಬಿಟ್ಟೆ. ಅವರು ಉತ್ತರ ಕೊಡಲಿಲ್ಲ. ಆ ರಾತ್ರಿ ಇಬ್ಬರೂ ಬ್ರೆಡ್ಡು ತಿಂದು ಮಲಗಿದೆವು.

ಮರುದಿನ ಬೆಳಿಗ್ಗೆ ಒಗ್ಗರಣೆಯ ವಾಸನೆಗೆ ಎಚ್ಚರವಾಯಿತು. ಅವರು ಉಪ್ಪಿಟ್ಟು ಮಾಡುತ್ತಿದ್ದರು. ರವೆ ಹುರಿದಿರಲಿಲ್ಲ, ಉಪ್ಪಿಟ್ಟು ಗಂಟುಗಂಟಾಗಿತ್ತು, ಉಪ್ಪು ಎರಡು ಸಲ ಬಿದ್ದಿತ್ತು. ಇಬ್ಬರೂ ಪೂರ್ತಿ ತಿಂದೆವು. ತಿಂಡಿಯಾದ ಮೇಲೆ ಅವರು ಪಟ್ಟಿಯನ್ನು ತೆಗೆದು, "ಇದರಲ್ಲಿ ನಿನಗೆ ಬೇಕಾದದ್ದು ಯಾವುದು?" ಎಂದು ಕೇಳಿದರು. ಇಪ್ಪತ್ತಾರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಅವರು ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಹೇಳಿರಲಿಲ್ಲ. ಸರೋವರ ಹೋಯಿತು, ರೆಡ್‌ವುಡ್ ಕಾಡು ಹೋಯಿತು, ಮೂವತ್ತು ಸ್ಥಳಗಳು ಹೋದವು. ವಾರದ ನಡುವಿನ ದಿನಗಳಾದ್ದರಿಂದ ಅದೇ ತಂಗುದಾಣದಲ್ಲಿ ಇನ್ನೆರಡು ರಾತ್ರಿಗಳಿಗೆ ಜಾಗ ಸಿಕ್ಕಿತು. ಒಂದು ಹೊತ್ತಿನ ಅಡುಗೆ ಅವರದು, ಒಂದು ಹೊತ್ತಿನದು ನನ್ನದು, ಇನ್ನೊಂದು ಹೊತ್ತು ಬ್ರೆಡ್ಡು ಹಣ್ಣುಗಳದು ಎಂಬ ಒಪ್ಪಂದವಾಯಿತು. ಕೊಳೆನೀರಿನ ತೊಟ್ಟಿ ಖಾಲಿ ಮಾಡುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡರು.

ಅಲ್ಲಿಂದ ಮುಂದೆ ನಮ್ಮ ದಿನಚರಿಯನ್ನು ಗಡಿಯಾರಕ್ಕಿಂತ ಹೆಚ್ಚಾಗಿ ಕಡಲಿನ ಭರತ ಇಳಿತಗಳೇ ನಿರ್ಧರಿಸಿದವು. ನ್ಯೂಪೋರ್ಟ್ ಬಳಿಯ ಯಾಕ್ವಿನಾ ಹೆಡ್ ಎಂಬ ಭೂಶಿರದಲ್ಲಿ 1873ರಲ್ಲಿ ಮೊದಲು ಬೆಳಗಿದ 93 ಅಡಿ ಎತ್ತರದ ದೀಪಸ್ತಂಭವಿದೆ. ಅದರ ಕೆಳಗಿನ ದಂಡೆಯಲ್ಲಿ ಮರಳಿಲ್ಲ. ಉರುಟಾದ ಕರಿಕಲ್ಲುಗಳ ರಾಶಿ. ಅಲೆ ಹಿಂದೆ ಸರಿಯುವಾಗ ಆ ಕಲ್ಲುಗಳೆಲ್ಲ ಒಂದಕ್ಕೊಂದು ತಾಗಿ ಗಲಗಲನೆ ಸದ್ದು ಮಾಡುತ್ತವೆ. ನೀರು ಇಳಿದಾಗ ಬಂಡೆಗಳ ನಡುವಿನ ಹೊಂಡಗಳಲ್ಲಿ ನಕ್ಷತ್ರಮೀನುಗಳು ಕಾಣುತ್ತವೆ. ಪಟ್ಟಿಯ ಪ್ರಕಾರ ಇಲ್ಲಿಗೆ ಅರ್ಧ ಗಂಟೆ ಮೀಸಲಾಗಿತ್ತು. ನಾವು ಮಧ್ಯಾಹ್ನವೆಲ್ಲ ಕುಳಿತೆವು.

ಆ ತೀರದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಒರಿಗಾನ್‌ನಲ್ಲಿ ಕಡಲದಂಡೆ ಜನರೆಲ್ಲರದು. 1913ರಲ್ಲಿ ರಾಜ್ಯಪಾಲ ಆಸ್ವಾಲ್ಡ್ ವೆಸ್ಟ್ ಅವರ ಕಾಲದಲ್ಲಿ, ಭರತ ಇಳಿತಗಳ ನಡುವಿನ ಒದ್ದೆ ಮರಳನ್ನು ಸಾರ್ವಜನಿಕ ಹೆದ್ದಾರಿಯೆಂದು ಶಾಸನ ಮಾಡಿದರು. 1966ರಲ್ಲಿ ಒಂದು ವಸತಿಗೃಹದವರು ತಮ್ಮ ಮುಂದಿನ ಒಣ ಮರಳಿಗೆ ಬೇಲಿ ಹಾಕಿದಾಗ ಜನರು ಪ್ರತಿಭಟಿಸಿದರು. 1967ರಲ್ಲಿ ರಾಜ್ಯಪಾಲ ಟಾಮ್ ಮೆಕ್‌ಕಾಲ್ ಸಹಿ ಹಾಕಿದ ಶಾಸನವು ಹಸಿರು ಬೆಳೆಯುವ ಅಂಚಿನವರೆಗಿನ ಮರಳಿನ ಮೇಲೂ ಸಾರ್ವಜನಿಕರ ಹಕ್ಕನ್ನು ಸ್ಥಾಪಿಸಿತು. ಇದನ್ನು ಓದಿದಾಗ ನನಗೆ ಅನ್ನಿಸಿದ್ದಿಷ್ಟು: ಎಷ್ಟೋ ವರ್ಷ ಈ ದೇಶವನ್ನು ನಾವು ಅತಿಥಿಗಳಂತೆ ಅವಸರದಿಂದ ನೋಡಿದ್ದೇವೆ, ಯಾರೋ ಬಂದು ಸಮಯವಾಯಿತು ಏಳಿ ಎನ್ನುತ್ತಾರೇನೋ ಎಂಬಂತೆ. ಇಲ್ಲಿ ಯಾರೂ ಏಳಿಸುವುದಿಲ್ಲ.

ಫ್ಲಾರೆನ್ಸ್ ಊರಿನ ದಕ್ಷಿಣಕ್ಕೆ ಸುಮಾರು 40 ಮೈಲಿ ಉದ್ದಕ್ಕೂ ಮರಳ ದಿಬ್ಬಗಳಿವೆ. ಅಲ್ಲಿ ಒಂದು ಸಂಜೆ ಮಡಚುವ ಕುರ್ಚಿಗಳಲ್ಲಿ ಕುಳಿತಿದ್ದಾಗ, ನಮ್ಮವರು 2009ರ ಮಾತು ತೆಗೆದರು. ಆ ವರ್ಷ ಅವರ ಕೆಲಸ ಹೋಗಿತ್ತು; ಐದು ತಿಂಗಳ ಮೇಲೆ ಬೇರೆ ಕೆಲಸ ಸಿಕ್ಕಿತ್ತು. ಆಗೆಲ್ಲ "ಏನೂ ಚಿಂತೆ ಇಲ್ಲ" ಎಂದೇ ಹೇಳುತ್ತಿದ್ದರು. ಆ ಐದು ತಿಂಗಳು ರಾತ್ರಿ ಕಾರು ನಿಲ್ಲಿಸುವ ಮನೆಯಲ್ಲಿ ಒಬ್ಬರೇ ಕುಳಿತಿರುತ್ತಿದ್ದರೆಂದೂ, ಮಕ್ಕಳನ್ನು ಕರೆದುಕೊಂಡು ಊರಿಗೆ ಮರಳಬೇಕಾದೀತೆಂದು ಹೆದರಿದ್ದರೆಂದೂ ನನಗೆ ತಿಳಿದದ್ದು ಹದಿಮೂರು ವರ್ಷಗಳ ನಂತರ, ಆ ಮರಳಿನ ಮೇಲೆ. "ಆಗಲೇ ಏಕೆ ಹೇಳಲಿಲ್ಲ?" ಎಂದೆ. "ಹೇಳುವುದಕ್ಕೆ ಸಮಯ ಎಲ್ಲಿತ್ತು?" ಎಂದರು. ನಾಲ್ಕು ಊರು ನೋಡುವ ದಿನ ಈ ಮಾತು ಹೊರಬರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಇದು ಹಣವಂತರ ವಿಲಾಸ ಎನ್ನಬಹುದು. ವ್ಯಾನಿನ ಬಾಡಿಗೆ ಅಗ್ಗವಲ್ಲ, ಒಪ್ಪುತ್ತೇನೆ. ಆದರೆ ಪಕ್ಕದ ಜಾಗದಲ್ಲಿ ಹಳೆಯ ಕಾರು, ಒಂದು ಗುಡಾರದೊಂದಿಗೆ ನಮ್ಮಷ್ಟೇ ಸುಖವಾಗಿದ್ದ ವೃದ್ಧ ದಂಪತಿಗಳನ್ನು ಕಂಡಿದ್ದೇನೆ. ಎರಡನೆಯದು ಇನ್ನೂ ಗಂಭೀರವಾದದ್ದು: ಇರುವ ಮೂರು ವಾರಗಳ ರಜೆ ಊರಿನಲ್ಲಿರುವ ಹಿರಿಯರಿಗೆ ಸಲ್ಲಬೇಡವೇ? ಸಲ್ಲಬೇಕು. ನಾವೂ ಸಲ್ಲಿಸಿದ್ದೇವೆ. ಆದರೆ ಅದು ಕರ್ತವ್ಯ, ಪ್ರೀತಿಯ ಕರ್ತವ್ಯ. ಅದನ್ನು ವಿಶ್ರಾಂತಿ ಎಂದು ಕರೆದು ನಮ್ಮನ್ನು ನಾವೇ ವಂಚಿಸಿಕೊಳ್ಳಬಾರದು. ವರ್ಷಕ್ಕೆ ನಾಲ್ಕು ದಿನವಾದರೂ ಗಂಡಹೆಂಡಿರು ತಮಗಾಗಿ ಇಟ್ಟುಕೊಂಡರೆ ಯಾವ ಹಿರಿಯರೂ ನೊಂದುಕೊಳ್ಳಲಾರರು. ಮೂರನೆಯದು, ಸುಮ್ಮನೆ ಕುಳಿತಿರುವುದು ಸೋಮಾರಿತನ ಎಂಬ ನಮ್ಮ ಹಳೆಯ ಸಂಸ್ಕಾರ. ಇದಕ್ಕೆ ಉತ್ತರವಾಗಿ ನನ್ನ ಆಯಿಯ ವಿಷಯ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಸಮೀಪದ ಹಳ್ಳಿಯಲ್ಲಿ. ಅಲ್ಲಿಯೂ, ಒರಿಗಾನ್‌ನಲ್ಲಿರುವಂತೆ, ಕಡಲು ಪಶ್ಚಿಮಕ್ಕೆ. ಸೂರ್ಯ ನೀರಿನಲ್ಲೇ ಮುಳುಗುತ್ತಾನೆ. ಮಳೆಗಾಲದ ರಾತ್ರಿ ಮನೆಯೊಳಗೆ ಕಡಲಿನ ಮೊರೆತ ಕೇಳುತ್ತಿತ್ತು. ಸಂಜೆ ಅಪ್ಪಯ್ಯ ಮತ್ತು ಅವರ ಸ್ನೇಹಿತರು ದಂಡೆಗೆ ಹೋಗಿ ಕುಳಿತು ಹರಟುತ್ತಿದ್ದರು. ಆಯಿ ಅರವತ್ತು ವರ್ಷ ಆ ಮನೆಯಲ್ಲಿ ಬಾಳಿದಳು. ಸಂಜೆಯೆಂದರೆ ಅವಳಿಗೆ ಕೊಟ್ಟಿಗೆ, ದೀಪ, ರಾತ್ರಿಯ ಅಡುಗೆ. ಅವಳು ಆ ದಂಡೆಯಲ್ಲಿ ಸುಮ್ಮನೆ ಕುಳಿತದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. 2014ರಲ್ಲಿ ತೀರಿಕೊಂಡಳು. ಧಾರವಾಡದ ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದು, ಸಮುದ್ರ ದಾಟಿ ಬಂದ ನಾನು ಬೆವರ್ಲಿ ಬೀಚಿನಲ್ಲಿ ಅಲೆಗಳಿಗೆ ಬೆನ್ನು ಹಾಕಿ ಪಾತ್ರೆ ತಿಕ್ಕುತ್ತಿದ್ದೆ. ಆ ದಿನದ ಕೋಪ ಬಿಸಿಬೇಳೆ ಭಾತಿನ ಮೇಲಿನದಾಗಿರಲಿಲ್ಲವೆಂದು ಈಗ ಅರ್ಥವಾಗಿದೆ.

ಈ ಸಮ್ಮೇಳನಕ್ಕೆ ಬಂದಿರುವ ನನ್ನ ವಯಸ್ಸಿನ ದಂಪತಿಗಳಲ್ಲಿ ನನ್ನ ವಿನಂತಿ ಸರಳವಾದದ್ದು. ಮುಂದಿನ ಪ್ರವಾಸದ ಪಟ್ಟಿ ಬರೆಯುವಾಗ ಅರ್ಧವನ್ನು ಹೊಡೆದುಹಾಕಿ. ಅಡುಗೆ ಯಾರು ಮಾಡುವರೆಂಬುದನ್ನು ಮನೆ ಬಿಡುವ ಮೊದಲೇ ಮಾತಾಡಿಕೊಳ್ಳಿ. ನಿವೃತ್ತಿಯಾಗಲಿ, ಮಗನ ಮದುವೆಯಾಗಲಿ ಎಂದು ಮುಂದೂಡಬೇಡಿ. ಹಾಗೆ ಮುಂದೂಡಿದ ಇಬ್ಬರು ಸ್ನೇಹಿತೆಯರು ಇಂದು ಒಂಟಿಯಾಗಿದ್ದಾರೆ.

ಸೋದರಿಯರೇ, ನಿಮ್ಮಲ್ಲಿ ಇನ್ನೊಂದು ಮಾತು. ಯಾರಾದರೂ ಕೇಳಲಿ ಎಂದು ನನ್ನಂತೆ ಇಪ್ಪತ್ತಾರು ವರ್ಷ ಕಾಯಬೇಡಿ, ನೀವೇ ಹೇಳಿಬಿಡಿ. ಉಪ್ಪಿಟ್ಟು ಗಂಟಾದರೆ ಆಗಲಿ. ನಮ್ಮ ಮನೆಯಲ್ಲಿ ಈಗ ಭಾನುವಾರದ ಉಪ್ಪಿಟ್ಟು ಅವರದೇ. ರವೆ ಹುರಿಯುವುದನ್ನು ಕಲಿತಿದ್ದಾರೆ, ಉಪ್ಪು ಇನ್ನೂ ಸ್ವಲ್ಪ ಹೆಚ್ಚು.