ಮಿಡಿಮಾವಿಗೊಂದು ಚಿತ್ರಪಟ

ಮಾಘ ಕಳೆದು ಫಾಲ್ಗುಣ ಕಾಲಿಡುತ್ತಲೇ ಮೇಳಿಗೆಯ ಸುತ್ತಿನ ಊರುಗಳಿಂದ ಹೊಸನಗರ, ಸಾಗರಗಳವರೆಗೆ ಮನೆಮನೆಯಲ್ಲಿಯೂ ಏಳುವ ಮಾತು ಅಪ್ಪೆಮಿಡಿಯದು. ಜೀರಿಗೆಯ ಕಂಪಿನದೊಂದು, ಕರ್ಪೂರದ ಕಂಪಿನದೊಂದು. ಅನಂತಭಟ್ಟನ ಅಪ್ಪೆಯೆಂದೂ ಮಾಳಂಜಿಯೆಂದೂ ಹೆಸರುವಾಸಿಯಾದವು ಬೇರೆ. ಗೊರಟಿನಿಂದ ಹುಟ್ಟಿದ ಸಸಿ ತಾಯಿಮರದ ಗುಣವನ್ನೇ ಹೊತ್ತು ಬರುವುದೆಂಬ ಭರವಸೆಯಿಲ್ಲವಾದುದರಿಂದ, ಹೊಳೆದಂಡೆಯ ಒಂದು ಮರ ಉರುಳಿತೆಂದರೆ ಒಂದು ಪರಿಮಳವೇ ಲೋಕದಿಂದ ಅಳಿದಂತೆ. ಮಿಡಿಯ ಆಸೆಗೆ ಕೊಂಬೆಗಳನ್ನೇ ಕಡಿದುರುಳಿಸುವ ಕೊಯ್ಲು, 1964ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನ ಹಿನ್ನೀರು, ಇವೆರಡೂ ಅಂತಹ ಮರಗಳನ್ನು ನುಂಗಿವೆ.

ಕುಡಿ ತಂದು ಕಸಿ ಕಟ್ಟಿ, ಅಳಿದುಹೋಗಲಿದ್ದ ತಳಿಗಳನ್ನು ತಮ್ಮ ತೋಟಗಳಲ್ಲಿ ಕೂಡಿಹಾಕಿರುವ ಕೃಷಿಕರು ನಮ್ಮಲ್ಲಿದ್ದಾರೆಂಬುದು ಭಾಗ್ಯವೇ ಸರಿ. ಆದರೆ ಜೀವಂತ ಸಂಗ್ರಹವು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳಲಾರದು. ಗಿಡಕ್ಕೆ ಕಟ್ಟಿದ ತಗಡು ಒಂದೆರಡು ಮಳೆಗಾಲದಲ್ಲಿ ಉದುರಿ, ನೆಟ್ಟ ಹಿರಿಯರೂ ಕಣ್ಮುಚ್ಚಿದ ಮೇಲೆ, ಯಾವುದು ಯಾವ ಊರಿನ ಅಪ್ಪೆಯೆಂದು ಹೇಳುವವರಾರು? ಆದುದರಿಂದ ಪ್ರತಿಯೊಂದು ತಳಿಗೂ ಸಸ್ಯಚಿತ್ರವೊಂದು ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದು ಈ ಸೀಮೆಗೆ ಹೊಸತಲ್ಲ. 1840ರ ದಶಕದ ನಡುವಿನಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯರು, ಈ ಸೀಮೆಯನ್ನೊಳಗೊಂಡಿದ್ದ ನಗರ ವಿಭಾಗದ ಸೇವೆಯಲ್ಲಿ ಶಿವಮೊಗ್ಗದಲ್ಲಿದ್ದಾಗ, ಮರಾಠಾ ಚಿತ್ರಕಾರನೊಬ್ಬನನ್ನು ಇರಿಸಿಕೊಂಡು ದಿನಕ್ಕೊಂದು ಗಿಡದಂತೆ ಬರೆಯಿಸಿದರು. ಆ ಚಿತ್ರಗಳು ಇಂದು ಸ್ಕಾಟ್ಲೆಂಡಿನ ಎಡಿನ್‌ಬರೊ ಸಸ್ಯೋದ್ಯಾನದಲ್ಲಿ ಸುರಕ್ಷಿತವಾಗಿವೆ. ಬರೆದವನ ಹೆಸರು ಮಾತ್ರ ಉಳಿದುಬರಲಿಲ್ಲ. ನಮ್ಮ ಮಣ್ಣಿನ ಗಿಡವನ್ನು ನಮ್ಮವನೇ ಒಬ್ಬನ ಕೈ ಬರೆದಿರಲು, ಅದನ್ನು ಕಾಣುವುದಕ್ಕೆ ನಾವು ಸಮುದ್ರ ದಾಟಬೇಕಾಗಿದೆಯೆಂಬುದನ್ನು ನೆನೆದಾಗಲೆಲ್ಲ ಮನಸ್ಸು ಕುಗ್ಗುತ್ತದೆ.

ಛಾಯಾಚಿತ್ರವಿರುವಾಗ ಕುಂಚವೇಕೆಂದು ಕೇಳುವವರುಂಟು. ಛಾಯಾಚಿತ್ರ ಹಿಡಿಯುವುದು ಒಂದು ಕೊಂಬೆಯನ್ನು, ಒಂದು ಕ್ಷಣದಲ್ಲಿ. ಒತ್ತಿ ಒಣಗಿಸಿದ ಮಾದರಿಯಲ್ಲಿ ಬಣ್ಣವೇ ನಿಲ್ಲುವುದಿಲ್ಲ. ಚಿತ್ರಕಾರನಾದರೋ ಪುಷ್ಯದ ಹೂಗೊಂಚಲನ್ನೂ ಫಾಲ್ಗುಣದ ಮಿಡಿಯನ್ನೂ ಕೆಂಪು ಚಿಗುರನ್ನೂ ಬಲಿತೆಲೆಯನ್ನೂ ಒಂದೇ ಹಾಳೆಯ ಮೇಲೆ ಕೂಡಿಸಿ, ಮಿಡಿಯನ್ನು ಸೀಳಿ ಒಳಗನ್ನು ತೋರಿಸಿ, ತೊಟ್ಟು ಮುರಿದೆಡೆ ಚಿಮ್ಮುವ ಸೊನೆಯ ಬಣ್ಣವನ್ನೂ ಗುರುತಿಸಬಲ್ಲನು. ಅದಕ್ಕಾಗಿ ಅವನು ಆ ಮರದ ಬುಡಕ್ಕೆ ವರ್ಷದುದ್ದಕ್ಕೂ ಮತ್ತೆ ಮತ್ತೆ ಬರಬೇಕು. ಅಷ್ಟು ದೀರ್ಘವಾಗಿ ನೋಡಿದ ಕಣ್ಣಿನ ಸಾಕ್ಷ್ಯಕ್ಕೆ ಸಮನಾದುದು ಬೇರೊಂದಿಲ್ಲ. ಪರಿಮಳವನ್ನು ಬರೆಯಲಾಗದು, ನಿಜ. ಹಾಳೆಯ ಅಂಚಿನಲ್ಲಿ ಮನೆಯ ಹಿರಿಯಳ ಮಾತಿನಲ್ಲೇ ಅದನ್ನು ನಮೂದಿಸಬಹುದು.

ಸಾಗರ ತಾಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯವೇ ಇದೆ. ಅದು ಒಬ್ಬಿಬ್ಬರು ಚಿತ್ರಕಾರರನ್ನು ನೇಮಿಸಿ, ಮೇಳಿಗೆಯಂತಹ ಊರುಗಳ ಮರದಿಂದ ಮರಕ್ಕೆ ಕಳುಹಿಸಲಿ. ಬರೆದ ಹಾಳೆಗಳನ್ನು ಇಲ್ಲಿಯೇ ಇರಿಸಲಿ, ಪ್ರತಿಯೊಂದರ ಮೇಲೂ ಬರೆದವರ ಹೆಸರಿರಲಿ. ಮುಂದಿನ ಪುಷ್ಯದಲ್ಲಿ ಮಾವು ಹೂವಿಡುವ ಮೊದಲೇ ಈ ಕಾರ್ಯ ಆರಂಭವಾಗಬೇಕು.