ಬಣ್ಣದ ಗೆರೆಯ ಮರ್ಮ

ಲಾರಿಯ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಶಕ್ತಿಯನ್ನೊಯ್ಯುವ ದಂಡದ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್ ಎಂಬ ಸಂಧಿಗಳಿರುತ್ತವೆ. ಇವುಗಳ ಶಿಲುಬೆಯಾಕಾರದ ಕ್ರಾಸ್ ಸವೆದರೆ ಮನೆಯಂಗಳದಲ್ಲಿಯೇ ಬದಲಾಯಿಸಬಹುದು. ಸರ್ಕ್ಲಿಪ್ಪುಗಳನ್ನು ತೆಗೆದು, ಬೇರಿಂಗ್ ಬಟ್ಟಲುಗಳನ್ನು ವೈಸಿನಲ್ಲಿ ಒತ್ತಿ ಹೊರಡಿಸಿದರಾಯಿತು ಎನ್ನುವರು. ಆದರೆ ಕಾರಣವನ್ನರಿಯದ ಕೈಚಳಕವು ಅಪಾಯಕರವೆಂದು ನನ್ನ ಅಭಿಪ್ರಾಯ.

ಓರೆಯಾಗಿ ನಿಂತ ಒಂಟಿ ಸಂಧಿಯು ವೇಗವನ್ನು ಸಮನಾಗಿ ದಾಟಿಸದು. ಕೋನವು 30 ಡಿಗ್ರಿಯಿದ್ದರೆ, ಚಾಲಕ ದಂಡವು ಸಮವೇಗದಿಂದ ತಿರುಗಿದರೂ, ಚಾಲಿತ ದಂಡದ ವೇಗವು ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಅದರ 0.87ರಷ್ಟಕ್ಕೆ ಇಳಿದು 1.15ರಷ್ಟಕ್ಕೆ ಏರುತ್ತದೆ. ಎರಡು ಕೋನಗಳೂ ಸಮವಾಗಿದ್ದು, ನಡುದಂಡದ ಎರಡು ಕವಲುಗಳೂ ಒಂದೇ ಸಮತಲದಲ್ಲಿದ್ದರೆ ಮಾತ್ರ ಎರಡನೆಯ ಸಂಧಿಯು ಈ ಏರಿಳಿತವನ್ನು ಅಳಿಸೀತು. ತಪ್ಪಿ ಜೋಡಿಸಿದರೆ ವಾಹನವೆಲ್ಲ ನಡುಗುತ್ತದೆ. ಬಿಚ್ಚುವ ಮುನ್ನ ಬಣ್ಣದ ಗೆರೆಯೆಳೆದು ಗುರುತಿಡಬೇಕೆಂಬ ನಿಯಮದ ಮರ್ಮವಿದು.

ಇನ್ನೊಂದು ಮಾತು: ದಂಡವನ್ನು ಕಳಚಿದೊಡನೆ ಎಂಜಿನ್ನಿಗೂ ಗಾಲಿಗಳಿಗೂ ಸಂಬಂಧ ತಪ್ಪುತ್ತದೆ, ಗೇರಿನಲ್ಲಿ ನಿಲ್ಲಿಸಿದ ಲಾರಿಯೂ ಕೆಳಗಿರುವವನ ಮೇಲೆ ಉರುಳಬಲ್ಲುದು. ಆದುದರಿಂದ ಗಾಲಿಗಳಿಗೆ ಅಡ್ಡಗಟ್ಟೆ ಕೊಡುವುದೇ ಮೊದಲ ಕೆಲಸ.

ವಿದ್ಯಾರ್ಥಿಗಳು ಕೈ ಮಸಿಯಾಗುವುದಕ್ಕೆ ಹಿಂಜರಿಯಬಾರದು. ಅದಕ್ಕೆ ಮುನ್ನ ಲೆಕ್ಕವನ್ನು ತಿಳಿಯಲೂ ಬೇಸರಿಸಬಾರದು.