ಐದು ಪರ್ಸೆಂಟ್ ಯಾರ ಕಿಸೆಯಿಂದ?

ಆಫೀಸ್ ಕ್ಯಾಂಟೀನಿನಲ್ಲಿ ಈಗ ಸಂಬಳಕ್ಕಿಂತ ಕ್ಯಾಶ್‌ಬ್ಯಾಕಿನ ಮಾತೇ ಜಾಸ್ತಿ. "ಈ ವರ್ಷ ಕಾರ್ಡಿನಿಂದ ಹತ್ತು ಸಾವಿರ ದುಡಿದೆ" ಅನ್ನುವವರ ಮುಖದಲ್ಲಿ ಇನ್ಕ್ರಿಮೆಂಟ್ ಬಂದ ಕಳೆ. ಆ 'ದುಡಿದೆ' ಅನ್ನೋ ಪದದ ಮೇಲೇ ನನ್ನ ತಕರಾರು.

ಲೆಕ್ಕ ಸುಳ್ಳಲ್ಲ. ಎಸ್‌ಬಿಐ ಕಾರ್ಡ್ 2022ರಲ್ಲಿ ತಂದ ಕ್ಯಾಶ್‌ಬ್ಯಾಕ್ ಕಾರ್ಡನ್ನೇ ತಗೊಳ್ಳಿ. ಆನ್‌ಲೈನ್ ಖರೀದಿಗೆ 5%, ಅಂಗಡಿಯಲ್ಲಿ 1%, ವಾರ್ಷಿಕ ಶುಲ್ಕ 999 ರೂಪಾಯಿ. ವರ್ಷಕ್ಕೆ ಎರಡು ಲಕ್ಷ ಖರ್ಚು ಮಾಡಿದರೆ ಅದೂ ವಾಪಸ್. ತಿಂಗಳಿಗೆ ಆನ್‌ಲೈನಿನಲ್ಲಿ 15,000, ಅಂಗಡಿಯಲ್ಲಿ 25,000 ಖರ್ಚಾದರೆ 750 ಮತ್ತು 250, ಒಟ್ಟು ಸಾವಿರ ರೂಪಾಯಿ. ವರ್ಷಕ್ಕೆ ಹನ್ನೆರಡು ಸಾವಿರ.

ಈಗ ಒಂದೇ ಒಂದು ತಿಂಗಳು ಕೈ ಬಿಗಿಯಾಯ್ತು ಅನ್ನಿ. 40,000ದ ಬಿಲ್ಲಿಗೆ 'ಮಿನಿಮಮ್ ಡ್ಯೂ' ಅಂತ 2,000 ಕಟ್ಟಿದಿರಿ. ಉಳಿದ 38,000ಕ್ಕೆ ತಿಂಗಳಿಗೆ 3.5% ಅಂತ ಹಿಡಿದರೂ ಬಡ್ಡಿ 1,330, ಅದರ ಮೇಲೆ 18% ಜಿಎಸ್‌ಟಿ. ಸುಮಾರು 1,570 ರೂಪಾಯಿ. ಒಂದೂವರೆ ತಿಂಗಳ ಕ್ಯಾಶ್‌ಬ್ಯಾಕ್ ಅಲ್ಲಿಗೆ ಮುಗೀತು. ಇಷ್ಟೇ ಅಲ್ಲ, ಬಡ್ಡಿ ಲೆಕ್ಕವಾಗೋದು ನೀವು ಖರೀದಿ ಮಾಡಿದ ದಿನದಿಂದ. ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಹೋಯ್ತು. ವರ್ಷಕ್ಕೆ 30%ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದು ಮಾಡಿದೆ.

"ನಾನು ಒಂದು ದಿನವೂ ತಡ ಮಾಡೋದಿಲ್ಲ" ಅಂತೀರಿ. ಒಳ್ಳೇದು. ಆದರೆ ನಿಮ್ಮ ಸಾವಿರ ರೂಪಾಯಿ ಆಕಾಶದಿಂದ ಉದುರಲ್ಲ. ಒಂದಷ್ಟು ಪಾಲು, ಮೊದಲ ಕೆಲಸದ ಹುಮ್ಮಸ್ಸಿನಲ್ಲಿ ಕಾರ್ಡ್ ತಗೊಂಡು ಈಗ ಬಡ್ಡಿ ಕಟ್ಟುತ್ತಿರುವ ಹುಡುಗನದು. ಇನ್ನೊಂದಷ್ಟು ಅಂಗಡಿಯವನದು. ಕಾರ್ಡ್ ಉಜ್ಜಿದಾಗಲೆಲ್ಲ ನೂರಕ್ಕೆ ಸುಮಾರು ಎರಡು ರೂಪಾಯಿ ದಲಾಲಿ ಅವನು ಕಟ್ಟಬೇಕು. ಅವನೇನು ಕೈಯಿಂದ ಹಾಕ್ತಾನಾ? ಬೆಲೆಗೆ ಸೇರಿಸ್ತಾನೆ. ಆ ಬೆಲೆಯನ್ನು ನಗದು ಕೊಡುವ ಹೆಣ್ಣುಮಗಳೂ ಕೊಡ್ತಾಳೆ. ಅವಳಿಗೆ ವಾಪಸ್ ಬರೋದು ಏನೂ ಇಲ್ಲ. ಅಮೆರಿಕದಲ್ಲಿ ಬೋಸ್ಟನ್ನಿನ ಫೆಡರಲ್ ರಿಸರ್ವ್ ಬ್ಯಾಂಕಿನವರು 2010ರಲ್ಲಿ ಇದನ್ನು ಲೆಕ್ಕ ಹಾಕಿದ್ದರು: ನಗದು ಬಳಸುವ ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರ್ ಕೊಡುತ್ತದೆ, ಕಾರ್ಡಿನ ಕುಟುಂಬ 1,133 ಡಾಲರ್ ಪಡೆಯುತ್ತದೆ.

ನಮ್ಮ ದುಂಡಸಿ ಕಡೆ ಕಿರಾಣಿ ಅಂಗಡಿಯ ಉದ್ರಿ ವಹಿಯೂ ಧರ್ಮಛತ್ರ ಆಗಿರಲಿಲ್ಲ. ಕಾಯುವ ಖರ್ಚನ್ನು ಅಂಗಡಿಯವ ಬೆಲೆಯಲ್ಲೇ ತೆಗೀತಿದ್ದ. ಆದರೆ ಸುಗ್ಗಿಯಾಗಿ ಬಾಕಿ ತೀರಿಸಿದ ದಿನ ಕೂಸಿನ ಕೈಗೆ ಬೆಲ್ಲದ ಚೂರು ಕೊಟ್ಟರೆ, ಅದನ್ನು ಯಾರೂ ದುಡಿಮೆ ಅಂದವರಲ್ಲ. ಕೊಟ್ಟವನಾರು, ಕೊಟ್ಟದ್ದು ಎಲ್ಲಿಂದ ಅನ್ನೋದು ಎಲ್ಲರಿಗೂ ಗೊತ್ತಿತ್ತು.

"ನಾನೊಬ್ಬ ಬಿಟ್ಟರೆ ಬೆಲೆ ಇಳೀತದಾ?" ಇಳಿಯಲ್ಲ. ಅದಕ್ಕೇ ಕಾರ್ಡ್ ಕತ್ತರಿಸಿ ಬಿಸಾಕಿ ಅಂತ ನಾನು ಹೇಳೋದಿಲ್ಲ. ದೊಡ್ಡ ಕಂಪನಿಗಳ ಆ್ಯಪಿನಲ್ಲಿ ಬಳಸಿ, ಪೂರ್ತಿ ಬಿಲ್ಲಿಗೆ ಆಟೋ ಡೆಬಿಟ್ ಹಾಕಿ, ಕಾರ್ಡ್ ಬರೋ ಮೊದಲಿನ ತಿಂಗಳ ಖರ್ಚಿನ ಜೊತೆ ಈಗಿನದನ್ನು ಹೋಲಿಸಿ ನೋಡಿ. ಸಾವಿರ ಗಳಿಸಲು ನಾಲ್ಕು ಸಾವಿರ ಹೆಚ್ಚು ಸುರಿದಿದ್ದರೆ ನಿಮಗೇ ಕಾಣ್ತದೆ. ಬೀದಿಯ ಸಣ್ಣ ಅಂಗಡಿಯಲ್ಲಿ ಮಾತ್ರ ಖಾತೆಯಿಂದ ಯುಪಿಐ ಮಾಡಿ. ಅಲ್ಲಿ ಒಂದು ಪರ್ಸೆಂಟಿಗೆ ಬಾಯಿ ಬಿಡಬೇಡಿ.

ದೊಡ್ಡ ಕೆಲಸ ಸರಕಾರದ್ದು, ರಿಸರ್ವ್ ಬ್ಯಾಂಕಿನದು. ಡೆಬಿಟ್ ಕಾರ್ಡಿನ ದಲಾಲಿಗೆ ಇಲ್ಲಿ ಮಿತಿ ಇದೆ, ಕ್ರೆಡಿಟ್ ಕಾರ್ಡಿಗೆ ಇಲ್ಲ. ಐರೋಪ್ಯ ಒಕ್ಕೂಟ 2015ರಲ್ಲೇ ಗ್ರಾಹಕರ ಕ್ರೆಡಿಟ್ ಕಾರ್ಡಿನಲ್ಲಿ ಬ್ಯಾಂಕಿಗೆ ಸಿಗುವ ಪಾಲನ್ನು 0.3%ಕ್ಕೆ ಕಟ್ಟಿಹಾಕಿತು. ಇಲ್ಲಿಯೂ ಹಾಗೆ ಮಾಡಿದರೆ ನಮ್ಮ ಕ್ಯಾಶ್‌ಬ್ಯಾಕ್ ಕರಗೋದು ಖರೆ. ಕರಗಲಿ. ಅದು ನಾವು ದುಡಿದದ್ದಲ್ಲ.